ಮೂರು ದ್ವೀಪಗಳ ತಾಲೀಮು

ಏಪ್ರಿಲ್ 2, ಬುಧವಾರ. ಸಂಜೆ 7.10 ರಿಂದ 7.25

ಇವತ್ತು ನನ್ನವಳು ಊಟದ ಮೇಜಿನ ಮೇಲೆ ಎರಡು ಟಿಕೆಟ್ ತಂದಿಟ್ಟಳು. ಕೇಳಲಿಲ್ಲ, ಹೇಳಲಿಲ್ಲ. ಮೇ 11, ಭಾನುವಾರ, ಬೆಳಗ್ಗೆ ಒಂಬತ್ತಕ್ಕೆ ದೋಣಿ. ಆರು ದಿನ, ಮೂರು ದ್ವೀಪ. ಮೊದಲನೆಯದರಲ್ಲಿ ಮರಳ ದಂಡೆ, ಎರಡನೆಯದರಲ್ಲಿ ಗುಡ್ಡ ಹತ್ತುವ ದಾರಿ, ಮೂರನೆಯದರಲ್ಲಿ ಏನೂ ಇಲ್ಲವಂತೆ. ಏನೂ ಇಲ್ಲ ಎನ್ನುವುದನ್ನೇ ದೋಣಿ ಕಂಪನಿಯವರು ಟಿಕೆಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ.

ನಾವಿಬ್ಬರೂ ಈವರೆಗೆ ಎಲ್ಲಿಗೂ ಪ್ರವಾಸ ಹೋದವರಲ್ಲ. ಯಾಕೆ ಈಗ ಇದ್ದಕ್ಕಿದ್ದಂತೆ ಎಂದು ಕೇಳಿದೆ. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು.

"ಇಪ್ಪತ್ತೆರಡು ವರ್ಷದಿಂದ ಆರು ಮೀಟರ್ ದೂರದ ಗೋಡೆ ತೋರಿಸಿ, ಕಾಣ್ತಿದೆಯಾ ಅಂತ ಎಲ್ಲರನ್ನೂ ಕೇಳ್ತಿದೀನಿ ರೀ. ನಾನೇ ಅದಕ್ಕಿಂತ ದೂರದ್ದು ಏನೂ ನೋಡಿಲ್ಲ. ನೀವು ಬಂದ್ರೆ ಸಂತೋಷ. ಬರದಿದ್ರೂ ನಾನು ಹೋಗ್ತೀನಿ."

ಬರುತ್ತೇನೆ ಎಂದೆ, ಆದರೆ ಸರಿಯಾದ ತಯಾರಿಯೊಂದಿಗೆ. ಮುಂದಿನ ಕೋಣೆಯ ಆರಾಮಕುರ್ಚಿಯಿಂದ ನಮ್ಮತ್ತೆ, ಅಂದರೆ ಅವಳ ತಾಯಿ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋದ್ರಲ್ಲಿ ನಮ್ಮ ಅಳಿಯಂದ್ರದ್ದು ಎತ್ತಿದ ಕೈ ಅಂದರು. ಅವರಿಗೆ ಎಪ್ಪತ್ತೊಂದು. ಕಿವಿ ಮಾತ್ರ ಇಪ್ಪತ್ತರದ್ದು.

ಈ ಕೆಲಸಕ್ಕೆಂದೇ ಅಂಗಿಯ ಜೇಬಿಗೆ ಹಿಡಿಸುವ ಒಂದು ದಿನಚರಿ ತಂದಿದ್ದೇನೆ. ದಿನಕ್ಕೆ ಹದಿನೈದು ನಿಮಿಷ ಮೀಸಲು.

ಏಪ್ರಿಲ್ 4, ಶುಕ್ರವಾರ. ಸಂಜೆ 7.10 ರಿಂದ 7.25

ರಜೆ ಕೇಳಿದೆ. ಮೇಲಧಿಕಾರಿ ಎದ್ದು ನಿಂತು ನನ್ನ ಕೈ ಹಿಡಿದುಕೊಂಡು ಯಾರು ಹೋದರು ಎಂದು ವಿಚಾರಿಸಿದರು. ಯಾರೂ ಹೋಗಿಲ್ಲ ಸಾರ್, ನಾನೇ ದ್ವೀಪಕ್ಕೆ ಹೋಗುತ್ತಿದ್ದೇನೆ ಎಂದೆ. ಅವರು ಇನ್ನೂ ಗಾಬರಿಯಾಗಿ ನೀರು ತರಿಸಿದರು.

ಅವರದೂ ತಪ್ಪಿಲ್ಲ. ಹದಿಮೂರು ಅಂತಸ್ತಿನ ಆ ಕಚೇರಿಯಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಫೈರ್ ಡ್ರಿಲ್ ಅಧಿಕಾರಿ. ತಿಂಗಳಿಗೊಮ್ಮೆ ಗಂಟೆ ಹೊಡೆಸುತ್ತೇನೆ. ಎಲ್ಲರೂ ಮೆಟ್ಟಿಲಿಳಿದು ಅಂಗಳದಲ್ಲಿ ನಿಲ್ಲುತ್ತಾರೆ. ಕೊರಳಲ್ಲಿ ಸೀಟಿ, ಕೈಯಲ್ಲಿ ಪಟ್ಟಿ ಹಿಡಿದು ತಲೆ ಎಣಿಸಿ, 'ಎಲ್ಲರೂ ಕ್ಷೇಮ' ಎಂದು ಬರೆದು ಸಹಿ ಹಾಕುತ್ತೇನೆ. ಈ ಹತ್ತೊಂಬತ್ತು ವರ್ಷದಲ್ಲಿ ಕಟ್ಟಡಕ್ಕೆ ಒಂದು ಕಿಡಿಯೂ ತಾಗಿಲ್ಲ. ಅದು ನನ್ನ ತಾಲೀಮಿನ ಫಲ. ಕಟ್ಟಡದಲ್ಲಿ ಉರಿಯುವಂಥದ್ದು ಏನೂ ಇಲ್ಲ ಎನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ.

ಏಪ್ರಿಲ್ 6, ಭಾನುವಾರ. ಸಂಜೆ 7.10 ರಿಂದ 7.25

ಯೋಜನೆ ಸಿದ್ಧವಾಯಿತು. ಹನ್ನೊಂದು ಹಾಳೆ. ಇದು ಆರಾಮದ ಪ್ರವಾಸ ಎಂದು ಅವಳು ಮತ್ತೆ ಮತ್ತೆ ಹೇಳಿದ್ದರಿಂದ ಆರಾಮಕ್ಕೆ ವಿಶೇಷ ಗಮನ ಕೊಟ್ಟಿದ್ದೇನೆ. ಮೊದಲ ದಿನ ಬೆಳಗ್ಗೆ 10.20 ರಿಂದ 11.40 ನಿಶ್ಚಿಂತೆ. 11.40 ರಿಂದ 11.45 ಮರಳು ಕೊಡವಿಕೊಳ್ಳುವುದು. ಸಂಜೆ 5.30 ಕ್ಕೆ ಮನಸ್ಸು ಬಂದಂತೆ ಅಡ್ಡಾಟ, ಉತ್ತರ ದಿಕ್ಕಿಗೆ ನಾನೂರು ಹೆಜ್ಜೆ.

ಅವಳು ಹನ್ನೊಂದು ಹಾಳೆಯನ್ನೂ ಓದಿದಳು. ಆಮೇಲೆ ಮೆತ್ತಗೆ, "ಇದ್ರಲ್ಲಿ ಸಮುದ್ರ ಎಲ್ಲಿದೆ?" ಎಂದಳು.

ನಾಲ್ಕನೇ ಹಾಳೆಯಲ್ಲಿ ತೋರಿಸಿದೆ. 'ಅಪಾಯಗಳು' ಎಂಬ ತಲೆಬರಹದ ಕೆಳಗೆ ಮೊದಲನೆಯದೇ ಅದು.

ಅವಳು ಹಾಳೆಗಳನ್ನು ನೀಟಾಗಿ ಜೋಡಿಸಿ ನನ್ನ ಮುಂದಿಟ್ಟು ಪಾತ್ರೆ ತೊಳೆಯಲು ಹೋದಳು. ಮೆಚ್ಚಿಕೊಂಡಳು ಎಂದು ಕಾಣುತ್ತದೆ.

ಏಪ್ರಿಲ್ 9, ಬುಧವಾರ. ಸಂಜೆ 7.10 ರಿಂದ 7.25

ಮೆಚ್ಚಿಕೊಂಡಿಲ್ಲ. ಮೂರು ದಿನದಿಂದ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಆದರೂ ತಾಲೀಮು ಮಾಡದೆ ನಾನು ಯಾರನ್ನೂ ಯಾವ ಕಟ್ಟಡದಿಂದಲೂ ಇಳಿಸಿದವನಲ್ಲ. ಇನ್ನು ಸಮುದ್ರಕ್ಕೆ ಇಳಿಸುತ್ತೇನೆಯೇ. ಒಂದೇ ಒಂದು ತಾಲೀಮು ಎಂದು ಗೋಗರೆದೆ. ಒಂದೇ ಆದರೆ ಸರಿ ಎಂದಳು. ನಾಲ್ಕು ಗೊತ್ತುಮಾಡಿದ್ದೇನೆ.

ಮುಂದಿನ ಕೋಣೆ ಮೊದಲ ದ್ವೀಪ, ಅಡುಗೆಮನೆ ಎರಡನೆಯದು, ಮಲಗುವ ಕೋಣೆ ಮೂರನೆಯದು. ನಡುವಿನ ಓಣಿ ಸಮುದ್ರ. ಅತ್ತೆಯವರು ತಕರಾರು ತೆಗೆದರು. ತಾವು ಹನ್ನೊಂದು ವರ್ಷದಿಂದ ಮುಂದಿನ ಕೋಣೆಯಲ್ಲಿ ವಾಸವಾಗಿರುವುದರಿಂದ ತಮ್ಮ ಒಪ್ಪಿಗೆಯಿಲ್ಲದೆ ಅದನ್ನು ಯಾರೂ ದ್ವೀಪ ಮಾಡುವಂತಿಲ್ಲ ಎಂದರು. ಕೊನೆಗೆ ಮಾತುಕತೆಯಾಗಿ, ಅಲ್ಲಿ ಬಂದಿಳಿದವರು ಅವರಿಗೆ ಪೇಪರು ಓದಿ ಹೇಳಬೇಕು ಎಂಬ ಷರತ್ತಿನ ಮೇಲೆ ಇತ್ಯರ್ಥವಾಯಿತು.

ಏಪ್ರಿಲ್ 13, ಭಾನುವಾರ. ಸಂಜೆ 7.10 ರಿಂದ 7.40 (ಹದಿನೈದು ನಿಮಿಷ ಹೆಚ್ಚಾಯಿತು)

ಮೊದಲ ತಾಲೀಮು. ಗಾಲಿ ಇರುವ ಕುರ್ಚಿ ದೋಣಿ, ಪೊರಕೆ ಹುಟ್ಟು. 9.00 ಕ್ಕೆ ಸರಿಯಾಗಿ ಸೀಟಿ ಊದಿದೆ. ಅವಳನ್ನು ಕೂರಿಸಿಕೊಂಡು ಹೊರಟೆ. ಓಣಿಯ ಅರ್ಧದಲ್ಲಿ ಗಾಲಿ ಕಾಲೊರೆಸಿಗೆ ಸಿಕ್ಕಿ ನಿಂತಿತು. ಇಂಥ ಸಂದರ್ಭಕ್ಕೆಂದೇ ಆರನೇ ಹಾಳೆ ಇದೆ. ಅದನ್ನು ಹುಡುಕುವಷ್ಟರಲ್ಲಿ ಅವಳು ಎದ್ದು ಸಮುದ್ರದ ಮೇಲೆ ನಡೆದುಕೊಂಡು ಹೋಗಿ ಒಲೆಯ ಮೇಲೆ ಕಾಫಿಗಿಟ್ಟಳು.

ಸೀಟಿ ಊದಿದೆ. ನೀನು ಮುಳುಗಿದೆ ಎಂದೆ. ಸಕ್ಕರೆ ಎಷ್ಟು ಎಂದು ಕೇಳಿದಳು.

ಅತ್ತೆಯವರಿಗೆ ಪೇಪರು ಓದಿ ಹೇಳುವುದಕ್ಕೆ ಐವತ್ತು ನಿಮಿಷ ಹೋಯಿತು. ಮರಣದ ಸುದ್ದಿಗಳನ್ನು ಎರಡೆರಡು ಸಲ ಓದಿಸಿದರು. ಒಟ್ಟಾರೆ ಮೊದಲ ದ್ವೀಪದ ಜನ ಸ್ನೇಹಪರರಲ್ಲ.

ಇನ್ನೊಂದು ವಿಷಯ. ಮಂಗಳವಾರ, ಶುಕ್ರವಾರ ಅವಳು ಒಂದು ಗಂಟೆ ತಡವಾಗಿ ಬರುತ್ತಿದ್ದಾಳೆ, ತಲೆಗೂದಲು ಒದ್ದೆ. ಅಂಗಡಿಯಲ್ಲಿ ಎಲ್ಲೋ ನಲ್ಲಿ ಸೋರುತ್ತಿರಬೇಕು. ವಿಚಾರಿಸಬೇಕು.

ಏಪ್ರಿಲ್ 15, ಮಂಗಳವಾರ. ಸಂಜೆ 7.10 ರಿಂದ 7.30

ನನ್ನನ್ನು ನೋಡಿ ನಗುವವರಿಗೆ ಆ ಒಂದು ದಿನ ಗೊತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಪಟ್ಟಿಯಲ್ಲಿ ಇನ್ನೂರ ಹನ್ನೆರಡು, ಅಂಗಳದಲ್ಲಿ ಇನ್ನೂರ ಹನ್ನೊಂದು. ಏಳು ಸಲ ಎಣಿಸಿದೆ. ಕಡತ ವಿಭಾಗದ ಗುಮಾಸ್ತ ಇಲ್ಲ. ಅಗ್ನಿಶಾಮಕದವರು ಬಂದರು. ಬೆಂಕಿಯೇ ಇರಲಿಲ್ಲ, ಆದರೂ ಮೂರು ಬಾಗಿಲು ಒಡೆದರು. ಹೆಂಗಸರು ಅತ್ತರು. ಅವನನ್ನು ಕಂಡರಾಗದವರೂ ಅವನೆಷ್ಟು ಒಳ್ಳೆಯವನು ಎಂದು ನೆನೆದರು. ಅಂಗಳದಲ್ಲೇ ನಾನು ನಾಲ್ಕು ಮಾತಾಡಿ ಒಂದು ನಿಮಿಷದ ಮೌನ ಆಚರಿಸಿದೆ.

ಮರುದಿನ ಅಂಚೆಯಲ್ಲಿ ಅವನ ಕೈಬರಹದ ಕಾರ್ಡು ಬಂತು. 'ಇಲ್ಲಿ ಬಹಳ ಶಾಂತಿಯಿದೆ. ನೀವೂ ಒಬ್ಬೊಬ್ಬರಾಗಿ ಬನ್ನಿ.' ಬೆರಳಚ್ಚಿನಾಕೆ ಅಲ್ಲೇ ಮೂರ್ಛೆ ಹೋದಳು. ಕಾರ್ಡು ತಿರುಗಿಸಿ ನೋಡಿದರೆ ಕಡಲ ದಂಡೆಯ ಚಿತ್ರ. ರಜೆ ಹಾಕಿ ಹೋಗಿದ್ದನಂತೆ. ರಜೆ ಚೀಟಿ ನನ್ನದೇ ಮೇಜಿನ ಮೇಲಿತ್ತು.

ಅಂದಿನಿಂದ ರಜೆ ಎಂದರೆ ನನಗೆ ಎದೆ ಧಸಕ್ಕೆನ್ನುತ್ತದೆ. ಮನುಷ್ಯ ಇರಬೇಕಾದ ಕಡೆ ಇದ್ದುಬಿಟ್ಟರೆ ಇಷ್ಟೆಲ್ಲ ರಗಳೆಯೇ ಇರುವುದಿಲ್ಲ.

ಏಪ್ರಿಲ್ 20, ಭಾನುವಾರ. ಸಂಜೆ 7.10 ರಿಂದ 7.25

ಗುಡ್ಡದ ತಾಲೀಮು. ನಮ್ಮ ವಸತಿ ಕಟ್ಟಡಕ್ಕೆ ಎಂಟು ಅಂತಸ್ತು, ನೂರ ಎಪ್ಪತ್ತಾರು ಮೆಟ್ಟಿಲು. ಬೆನ್ನಿಗೆ ಚೀಲ, ಚೀಲದಲ್ಲಿ ಬ್ರೆಡ್ಡು, ಮೊಟ್ಟೆ, ಬ್ಯಾಂಡೇಜು. ಕೆಳಮನೆಯ ದರ್ಜಿ ಎಲ್ಲಿಗೆ ಸವಾರಿ ಎಂದ. ಗುಡ್ಡಕ್ಕೆ ಎಂದೆ. ಒಂದು ಗಳಿಗೆ ಯೋಚಿಸಿ, ತಾನೂ ಎಲ್ಲಿಗೂ ಹೋಗದೆ ಬಹಳ ವರ್ಷವಾಯಿತು ಎಂದು ಅಂಗಡಿಗೆ ಬೀಗ ಹಾಕಿ ಹಿಂದೆ ಬಂದ. ಐದನೇ ಅಂತಸ್ತಿನಲ್ಲಿ ಸುಸ್ತಾಗಿ ಕೂತು, ಇಲ್ಲಿಯ ಹವೆ ಎಷ್ಟು ಚೆನ್ನಾಗಿದೆ ಎಂದ. ಸಹಪ್ರಯಾಣಿಕ ಎಂದರೆ ಅವನಂತಿರಬೇಕು.

ತಾರಸಿಯ ಮೇಲೆ ಏಳು ನಿಮಿಷ ವಿಶ್ರಾಂತಿ ಎಂದು ಬರೆದಿತ್ತು. ಏಳಾಗುತ್ತಲೇ ಸೀಟಿ ಊದಿದೆ. ಅವಳು ಮೂಲೆಯ ಗೋಡೆಗೆ ಒರಗಿ ಎರಡು ನೀರಿನ ಟ್ಯಾಂಕುಗಳ ಸಂದಿನಲ್ಲಿ ಏನನ್ನೋ ನೋಡುತ್ತಿದ್ದಳು. "ಒಂದ್ನಿಮಿಷ ಇಲ್ಲಿ ಬನ್ನಿ" ಎಂದು ಕರೆದಳು. ಸಮಯ ಮೀರಿತ್ತು, ನಾನು ಹೋಗಲಿಲ್ಲ. ಮತ್ತೆ ಊದಿದೆ. ಅವಳು ಇಪ್ಪತ್ತು ನಿಮಿಷ ಅಲ್ಲಿಂದ ಕದಲಲಿಲ್ಲ. ಶಿಸ್ತಿನ ಕೊರತೆ ಎಂದು ಷರಾ ಬರೆದಿದ್ದೇನೆ.

ಏಪ್ರಿಲ್ 27, ಭಾನುವಾರ. ಸಂಜೆ 7.10 ರಿಂದ

ಇಂದು ಭರ್ಜರಿ ಯಶಸ್ಸು. ಸಮಯ ನೋಡಲು ಪುರಸೊತ್ತಾಗಲಿಲ್ಲ.

ಪಕ್ಕದಲ್ಲಿ ಮನೆ ಕಟ್ಟುತ್ತಿರುವವರಿಂದ ಆರು ಚೀಲ ಮರಳು ಕೇಳಿ ತಂದು ತಾರಸಿಯಲ್ಲಿ ಹರಡಿದ್ದೆ. ದರ್ಜಿ ಅಂಚು ಹೊಲಿದ ಟೋಪಿಗಳನ್ನು ತಂದ. ಕಟ್ಟಡದ ಕಾರ್ಯದರ್ಶಿ ಇದೇನು ಅವ್ಯವಸ್ಥೆ ಎಂದು ಕೆಂಡಕಾರುತ್ತ ಬಂದವರು, ಷೂ ಒಳಗೆ ಮರಳು ಹೋಯಿತೆಂದು ಬಿಚ್ಚಿದರು, ಬರಿಗಾಲಲ್ಲಿ ನಿಂತರು, ಆಮೇಲೆ ಏನಾಯಿತೋ, ಅಂಗಾತ ಮಲಗಿಬಿಟ್ಟರು. ಅವರನ್ನು ಹುಡುಕಿಕೊಂಡು ಅವರ ಹೆಂಡತಿ ಬಂದರು. ಹೆಂಡತಿಯನ್ನು ಹುಡುಕಿಕೊಂಡು ಅವರ ಅಕ್ಕ. ಹನ್ನೊಂದು ಗಂಟೆಗೆ ತಾರಸಿ ಭರ್ತಿ. ಅತ್ತೆಯವರನ್ನು ಕುರ್ಚಿ ಸಮೇತ ಲಿಫ್ಟಿನಲ್ಲಿ ಏರಿಸಿದರು. ಅವರು ನಡುಮಧ್ಯೆ ಕೂತು, ಈ ದ್ವೀಪವೂ ತಮ್ಮದೇ ಎಂದು ಸಾರಿದರು.

ನಾನು ತಕ್ಷಣ ಪಟ್ಟಿ ಮಾಡಿದೆ. ತಲೆ ಎಣಿಸಿದೆ. ಪಟ್ಟಿಯಲ್ಲಿ ಮೂವತ್ತೊಂದು, ಮರಳಲ್ಲಿ ಮೂವತ್ತೊಂದು. ಒಂದು ತಲೆಯೂ ಹೆಚ್ಚಿಲ್ಲ, ಕಮ್ಮಿಯಿಲ್ಲ. 'ಎಲ್ಲರೂ ಕ್ಷೇಮ' ಎಂದು ಬರೆದು ಖುಷಿಗೆ ಎರಡು ಸಲ ಸಹಿ ಹಾಕಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಜನ ನನ್ನ ತಾಲೀಮಿಗೆ ತಾವಾಗಿಯೇ ಬಂದಿದ್ದಾರೆ.

ಏಪ್ರಿಲ್ 28, ಸೋಮವಾರ. ಸಂಜೆ

ನಿನ್ನೆ ಅವಳು ತಾರಸಿಯಲ್ಲಿ ಇರಲೇ ಇಲ್ಲ.

ಇವತ್ತು ಸಂಜೆ ಬಟ್ಟೆ ಮಡಿಸುತ್ತ ಅವಳೇ ಹೇಳಿದಳು. "ನಿನ್ನೆ ನಿಮ್ಮ ಲೆಕ್ಕ ಸರಿ ಬಂತಂತೆ. ಅಮ್ಮ ಹೇಳಿದ್ರು. ನಾನಿಲ್ದೆ ಹೇಗೆ ಸರಿ ಬಂತು?"

ಪಟ್ಟಿ ತೆಗೆದು ನೋಡಿದೆ. ಕಾರ್ಯದರ್ಶಿಯ ಹೆಂಡತಿಯ ಅಕ್ಕ ಇದ್ದಾರೆ, ಇವಳಿಲ್ಲ. ಯಾರ ಪ್ರವಾಸಕ್ಕಾಗಿ ತಾಲೀಮು ಶುರುವಾಯಿತೋ ಅವಳನ್ನೇ ಬರೆದಿಲ್ಲ. ನನಗೆ ನಾಚಿಕೆಯಾಯಿತು. ನಿಜವಾಗಿ ಆಯಿತು, ಮುಖ ಬಿಸಿಯಾಗುವಷ್ಟು.

ಎಲ್ಲಿ ಹೋಗಿದ್ದೆ ಎಂದು ಕೇಳಿದೆ. ಈಜುಕೊಳಕ್ಕಂತೆ. ಟಿಕೆಟ್ ತಂದ ವಾರದಿಂದ ಮಂಗಳವಾರ, ಶುಕ್ರವಾರ ಈಜು ಕಲಿಯುತ್ತಿದ್ದಾಳೆ. ಭಾನುವಾರ ಆಳದ ಕಡೆಗೆ ಬಿಟ್ಟಿದ್ದರಂತೆ. ಅಂಗಡಿಯ ನಲ್ಲಿ ಸೋರುತ್ತಿಲ್ಲ.

ಪಟ್ಟಿ ತಿದ್ದಿದೆ. ಮೂವತ್ತೆರಡನೆಯವಳಾಗಿ ಅವಳನ್ನು ಸೇರಿಸಿ ತೋರಿಸಿದೆ. ನೋಡಿ, ಬಟ್ಟೆ ಮಡಿಸಿದಳು. ಇನ್ನೇನು ಮಾಡಬೇಕು ನಾನು.

ಮೇ 4, ಭಾನುವಾರ. ಸಂಜೆ 7 ರ ಸುಮಾರಿಗೆ

ಈಗ ತಾರಸಿಗೆ ದಿನವೂ ಜನ. ಕಾರ್ಯದರ್ಶಿಯವರು ಕಚೇರಿಗೆ ಹೋಗುವ ಮುಂಚೆ ಅರ್ಧ ಗಂಟೆ ಮಲಗಿ ಹೋಗುತ್ತಾರೆ. ಎಲ್ಲರೂ ಸೇರಿ ನನ್ನನ್ನು ಕೇಳಿಕೊಂಡಿದ್ದಾರೆ. ಮೇ 11 ರಂದು ಪೂರ್ಣ ಪ್ರಮಾಣದ ತಾಲೀಮು ಆಗಬೇಕಂತೆ, ಮೂರು ದ್ವೀಪ, ಗುಡ್ಡ, ಎಲ್ಲ. ನಾನಿಲ್ಲದೆ ಅದು ನಡೆಯುವುದಿಲ್ಲವಂತೆ. ಹಾಗೆ ಯಾರಾದರೂ ನನಗೆ ಎಂದಾದರೂ ಹೇಳಿದ್ದುಂಟೇ?

ಅವಳ ಮುಂದೆ ವಿಷಯ ಇಟ್ಟೆ. ಇಲ್ಲಿ ಮರಳಿದೆ, ಎತ್ತರವಿದೆ, ಜನರಿದ್ದಾರೆ, ವಾಂತಿಯಾಗುವ ಭಯವಿಲ್ಲ, ನಿಜದ್ದನ್ನು ಮುಂದಿನ ವರ್ಷ ನೋಡೋಣ ಎಂದೆ. ಅವಳು ನನ್ನ ಕಣ್ಣನ್ನೇ ನೋಡಿದಳು, ಅಂಗಡಿಯಲ್ಲಿ ನೋಡುವ ಹಾಗೆ, ಒಂದು ಕಣ್ಣು, ಆಮೇಲೆ ಇನ್ನೊಂದು.

ಆಮೇಲೆ ಮೇಜಿನ ಡ್ರಾಯರ್ ತೆಗೆದು ನೋಡಿದೆ. ಎರಡು ಟಿಕೆಟ್ಟೂ ಇಲ್ಲ. ಅತ್ತೆಯವರನ್ನು ಕೇಳಿದೆ. "ಅವಳು ಹೋಗೋಳೇ ಅಳಿಯಂದ್ರೆ. ನಿಮ್ಮದನ್ನ ಯಾರಿಗೆ ಕೊಡ್ತಾಳೋ ನಂಗೊತ್ತಿಲ್ಲ. ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡೋಳು ಒಬ್ಬಳಿದ್ದಾಳಲ್ಲ" ಎಂದರು. ಪೇಪರು ಓದಲು ಹೇಳಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಮೇ 8

ನನಗೆ ಹೆದರಿಕೆ. ಬರೆದುಬಿಟ್ಟೆ, ಯಾರೂ ಓದುವುದಿಲ್ಲ. ಸಮುದ್ರಕ್ಕಲ್ಲ. ಇರಬೇಕಾದ ಕಡೆ ನಾನಿಲ್ಲದ ಆರು ದಿನ ಎಲ್ಲ ಸುಸೂತ್ರವಾಗಿ ನಡೆದುಬಿಟ್ಟರೆ ಎಂದು.

ಮೇ 10

ಅವಳು ಬಟ್ಟೆ ತುಂಬಿಕೊಂಡಳು. ಒಂದೇ ಚೀಲ.

ಮೇ 11, ಭಾನುವಾರ

ಬೆಳಗ್ಗೆ ಏಳೂವರೆಗೆ ಅವಳು ಬಾಗಿಲಲ್ಲಿ ನಿಂತು, ಒಂಬತ್ತಕ್ಕೆ ದೋಣಿ ಎಂದಳು. ಬೇಡಿಕೊಳ್ಳಲಿಲ್ಲ. ನಾನು ಕೊರಳಿಗೆ ಸೀಟಿ ಹಾಕಿಕೊಂಡು ಮೇಲೆ ಹೋದೆ, ಅವಳು ಕೆಳಗೆ ಹೋದಳು. ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು ಬಹಳ ಹೊತ್ತು ಕೇಳಿಸಿತು.

ತಾರಸಿಯಲ್ಲಿ ಎಲ್ಲ ಸಿದ್ಧವಾಗಿತ್ತು. ಕಾರ್ಯದರ್ಶಿಯವರು ಅರೆತೋಳಿನ ಹೂವಿನ ಅಂಗಿ ಹೊಲಿಸಿಕೊಂಡಿದ್ದರು. ಯಾರೋ ಟಬ್ಬಿಗೆ ನೀರು ತುಂಬಿ ಉಪ್ಪು ಕದಡಿದ್ದರು. ಪಟ್ಟಿ ಹಿಡಿದು ಎಣಿಸಿದೆ. ಮೂವತ್ತೊಂದು. ಪಟ್ಟಿಯಲ್ಲಿ ಮೂವತ್ತೆರಡು. ಮತ್ತೆ ಎಣಿಸಿದೆ. ಯಾರು ಎಂದು ಗೊತ್ತಿದ್ದೂ ಎಣಿಸಿದೆ. ಏಳು ಸಲ. ಸಾಕು ಬರೆಯಿರಿ, ಆಕೆ ರಜೆಯಲ್ಲಿದ್ದಾರಲ್ಲ ಎಂದರು ಕಾರ್ಯದರ್ಶಿ. ಎಲ್ಲರೂ ಕ್ಷೇಮ ಎಂದು ಬರೆಯಲು ಪೆನ್ನು ಇಟ್ಟೆ. ಬರೆಯಲಾಗಲಿಲ್ಲ.

ಮೂಲೆಯ ಗೋಡೆಯ ಹತ್ತಿರ ಹೋದೆ, ಅವಳು ಅವತ್ತು ನಿಂತಿದ್ದಲ್ಲಿ. ಎರಡು ಟ್ಯಾಂಕುಗಳ ಸಂದಿನಲ್ಲಿ ನೋಡಿದೆ. ಅಲ್ಲಿ ಸಮುದ್ರವಿತ್ತು. ಒಂದು ಬೆರಳಗಲ, ಬೂದಿ ಬಣ್ಣ, ಆದರೆ ಸಮುದ್ರವೇ. ಹನ್ನೊಂದು ವರ್ಷದಿಂದ ಈ ಕಟ್ಟಡದಲ್ಲಿದ್ದೇನೆ. ಎಂಟು ಸಲ ತಾರಸಿಯ ಅಳತೆ ತೆಗೆದಿದ್ದೇನೆ. ಅವಳು ಕರೆದಿದ್ದು ಇದಕ್ಕೆ, ಒಂದು ನಿಮಿಷಕ್ಕೆ.

"ಆ ಸೀಟಿ ಇಲ್ಲಿ ಕೊಡಿ ಅಳಿಯಂದ್ರೆ" ಎಂದರು ಮರಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅತ್ತೆ. "ಈ ದ್ವೀಪ ನಾನು ನೋಡ್ಕೋತೀನಿ."

ಕೊಟ್ಟೆ. ಪಟ್ಟಿಯನ್ನೂ ಅವರ ಮಡಿಲಲ್ಲಿ ಹಾಕಿದೆ. ನೂರ ಎಪ್ಪತ್ತಾರು ಮೆಟ್ಟಿಲು ಹೇಗಿಳಿದೆನೋ. ಓಡಬಾರದು, ಕಂಬಿ ಹಿಡಿದು ಇಳಿಯಬೇಕು ಎಂಬುದು ನನ್ನದೇ ನಿಯಮ. ದರ್ಜಿ ಟೋಪಿ ಹಾಕಿಕೊಂಡೇ ಹಿಂದೆ ಬಂದು ಸ್ಕೂಟರ್ ತೆಗೆದ. ದಾರಿಯುದ್ದಕ್ಕೂ, ಟಿಕೆಟ್ ಬೇರೆಯವರಿಗೆ ಕೊಟ್ಟಿದ್ದರೆ ದಡದಲ್ಲಿ ನಿಂತು ಕೈಯಾದರೂ ಬೀಸುತ್ತೇನೆ ಎಂದುಕೊಂಡೆ. ಬರಿಗಾಲು, ಮೈತುಂಬ ಮರಳು, ಚೀಲವಿಲ್ಲ, ಯೋಜನೆಯ ಹನ್ನೊಂದು ಹಾಳೆಯಲ್ಲಿ ಒಂದೂ ಇಲ್ಲ. ಜೇಬಿನಲ್ಲಿ ಈ ದಿನಚರಿ ಮಾತ್ರ.

ತಲುಪುವಾಗ ಒಂಬತ್ತು ದಾಟಿತ್ತು, ಎಷ್ಟು ದಾಟಿತ್ತೋ ತಿಳಿಯದು. ದೋಣಿ ಅಲ್ಲೇ ಇತ್ತು. ದೋಣಿಗೂ ದಡಕ್ಕೂ ನಡುವೆ ಹಾಕಿದ ಹಲಗೆಯ ಮೇಲೆ ಅವಳು ನಿಂತಿದ್ದಳು, ಎರಡೂ ಕಾಲೂರಿ. ಹಲಗೆ ಎಳೆದುಕೊಳ್ಳಲು ಬಂದ ದೋಣಿಯವನು ಅವಳ ಮುಂದೆ ಸೋತು ಸುಣ್ಣವಾಗಿದ್ದ. ಒಳಗೆ ಕೂತವರೆಲ್ಲ ಇಸ್ಕೂಲು ಮಕ್ಕಳ ಹಾಗೆ ಕೈ ಕಟ್ಟಿಕೊಂಡು ಸಾಲಾಗಿದ್ದರು. ಎಣಿಸಿ ಎಣಿಸಿ ಕೂರಿಸಿದ್ದಳಂತೆ.

"ಇವರೇನಾ ಅಮ್ಮ?" ಎಂದ ದೋಣಿಯವನು.

ಅವಳು ಮುಷ್ಟಿ ಬಿಚ್ಚಿದಳು. ಎರಡೂ ಟಿಕೆಟ್ ಬೆವರಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು.

"ಏಳು ಸಲ ಎಣಿಸಿದೆ ರೀ. ಒಂದು ಕಮ್ಮಿ ಬರ್ತಾನೇ ಇತ್ತು."

ಹಲಗೆ ದಾಟಿ ಒಳಗೆ ಹೋಗಿ ಕೂತೆ. ಕಾಲ ಕೆಳಗೆ ನೆಲ ಅಲುಗಾಡಿತು. ದೋಣಿಯವನು ಇನ್ನಾದರೂ ಬಿಡಬಹುದೇ ಎಂದ. ಇನ್ನೊಂದೇ ಸಲ ಎಂದು ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು.

"ಒಂದು" ಎಂದಳು.